ಸಲೂಕಿ ಕಣಿವೆಯ 11 ಟ್ಯಾಂಕುಗಳು: ಗೊತ್ತಿದ್ದ ಸುದ್ದಿ ಗೊತ್ತಾಗಬೇಕಾದವರಿಗೆ ತಲುಪದಿದ್ದಾಗ

2006ರ ಆಗಸ್ಟ್ 12. ದಕ್ಷಿಣ ಲೆಬನಾನಿನ ಸಲೂಕಿ ಕಣಿವೆ. ಇಸ್ರೇಲ್ ಮತ್ತು ಲೆಬನಾನಿನ ಸಶಸ್ತ್ರ ಸಂಘಟನೆ ಹಿಜ್ಬುಲ್ಲಾ ನಡುವಿನ 34 ದಿನಗಳ ಯುದ್ಧ ಮುಗಿಯುವ ಹೊತ್ತು. ಇಸ್ರೇಲ್ ಸೇನೆಯ 401ನೇ ಟ್ಯಾಂಕ್ ಬ್ರಿಗೇಡಿನ 24 ಟ್ಯಾಂಕುಗಳು ಕಣಿವೆ ದಾಟಿ, ಪಶ್ಚಿಮದ ಕಡಿದಾದ ಏರು ಹತ್ತಿ, ಮೇಲಿರುವ ಘಂದೂರಿಯೆ ಎಂಬ ಊರಿನ ಕಡೆ ಹೊರಟಿದ್ದವು. ಎಲ್ಲವೂ ಹೊಸ ಮೆರ್ಕಾವಾ ಮಾರ್ಕ್ 4. ಒಂದೊಂದೂ ಸುಮಾರು 65 ಟನ್ ತೂಕ. ಒಳಗಿರುವ ಸೈನಿಕರನ್ನು ಇಷ್ಟು ಚೆನ್ನಾಗಿ ಕಾಯುವ ಟ್ಯಾಂಕ್ ಜಗತ್ತಿನಲ್ಲಿ ಇನ್ನೊಂದಿಲ್ಲ ಎಂಬ ಹೆಸರು ಆಗ ಅದಕ್ಕಿತ್ತು. ಎದುರಿಗೆ ಟ್ಯಾಂಕ್ ಇರಲಿಲ್ಲ, ಯುದ್ಧವಿಮಾನ ಇರಲಿಲ್ಲ. ಗುಡ್ಡದ ಮರೆಯಲ್ಲಿ ಕೂತ ಹಿಜ್ಬುಲ್ಲಾದ ಸಣ್ಣ ಸಣ್ಣ ತಂಡಗಳಿದ್ದವು, ಅಷ್ಟೆ.

24ರಲ್ಲಿ 11 ಟ್ಯಾಂಕುಗಳಿಗೆ ಪೆಟ್ಟು ಬಿತ್ತು. ಟ್ಯಾಂಕ್ ಸಿಬ್ಬಂದಿಯಲ್ಲಿ 8 ಮಂದಿ, ಕಾಲಾಳುಗಳಲ್ಲಿ 4 ಮಂದಿ ಸತ್ತರು. ಬೆಟಾಲಿಯನ್ ಕಮಾಂಡರ್ ಗಾಯಗೊಂಡರು. ಇಷ್ಟೆಲ್ಲ ಆದದ್ದು ಯಾವಾಗ ಗೊತ್ತಾ? ಕದನವಿರಾಮದ ನಿರ್ಣಯಕ್ಕೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಒಪ್ಪಿಗೆ ಕೊಟ್ಟದ್ದು ಆಗಸ್ಟ್ 11ಕ್ಕೆ, ಅದು ಜಾರಿಗೆ ಬಂದದ್ದು 14ರ ಬೆಳಗ್ಗೆ 8 ಗಂಟೆಗೆ. ಈ ಎರಡರ ನಡುವೆ.

ಈ ಘಟನೆ ಬಗ್ಗೆ ಮಾತಾಡುವಾಗ ಬಹಳಷ್ಟು ಜನ ಒಂದೇ ಮಾತು ಹೇಳುತ್ತಾರೆ: ರಷ್ಯಾದ ಕಾರ್ನೆಟ್ ಕ್ಷಿಪಣಿ ಮುಂದೆ ಟ್ಯಾಂಕಿನ ಆಟ ನಡೆಯಲ್ಲ, ಟ್ಯಾಂಕಿನ ಕಾಲ ಮುಗಿಯಿತು ಅಂತ. ನನಗೆ ಇದು ಅರ್ಧ ಸತ್ಯ ಅನ್ನಿಸುತ್ತದೆ. ಕ್ಷಿಪಣಿ ಒಳ್ಳೆಯದೇ ಇತ್ತು, ನಿಜ. ಆದರೆ ಆ ಕ್ಷಿಪಣಿ ಅಲ್ಲಿ ಇದೆ ಎಂಬುದು ಇಸ್ರೇಲಿನ ಗುಪ್ತಚರರಿಗೆ ಮೊದಲೇ ಗೊತ್ತಿತ್ತು. ಟ್ಯಾಂಕಿನ ಒಳಗೆ ಕೂತ ಹುಡುಗರಿಗೆ ಎಷ್ಟು ಗೊತ್ತಿತ್ತು ಅನ್ನುವುದೇ ಪ್ರಶ್ನೆ. ಹೆಡ್‌ಕ್ವಾರ್ಟರ್ಸ್‌ನಲ್ಲಿದ್ದ ಮಾಹಿತಿ ಟ್ಯಾಂಕ್ ಕಮಾಂಡರ್ ಕೈಗೆ ಬರುವಷ್ಟರಲ್ಲಿ ಎಲ್ಲಿ ಸೋರಿಹೋಯಿತು ಎಂಬುದನ್ನು ನೋಡಿದರೆ ಇಡೀ ಕಥೆ ಬಿಡಿಸಿಕೊಳ್ಳುತ್ತದೆ.

ಮೊದಲು ಆಯುಧ ಹೇಗೆ ಕೆಲಸ ಮಾಡುತ್ತದೆ ನೋಡೋಣ, ಯಾಕೆಂದರೆ ಇದರ ಬಗ್ಗೆ ತಪ್ಪು ಕಲ್ಪನೆ ಜಾಸ್ತಿ.

ಒಬ್ಬ ಮನುಷ್ಯ ಹೆಗಲ ಮೇಲೆ ಹೊತ್ತು ಹಾರಿಸುವ ಆರ್‌ಪಿಜಿ-7 ಇರಲಿ, ಮುಕ್ಕಾಲಿ ಮೇಲೆ ಕೂರಿಸಿ ಹಾರಿಸುವ ಕಾರ್ನೆಟ್ ಇರಲಿ, ಎರಡರ ತಲೆಯಲ್ಲೂ ಇರುವುದು ಒಂದೇ ಉಪಾಯ. ಸ್ಫೋಟಕದ ಮುಂಭಾಗದಲ್ಲಿ ಆಲಿಕೆಯ ಆಕಾರದ ಒಂದು ಟೊಳ್ಳು. ಅದಕ್ಕೆ ಒಳಗಿನಿಂದ ತೆಳುವಾದ ತಾಮ್ರದ ಹಾಳೆ. ಸ್ಫೋಟಕ ಹಿಂದಿನಿಂದ ಸಿಡಿದಾಗ ಆ ತಾಮ್ರದ ಆಲಿಕೆ ಒಳಕ್ಕೆ ಕುಸಿದು, ಹಿಂಡಿಕೊಂಡು, ಮುಂದಕ್ಕೆ ಒಂದು ತೆಳು ಧಾರೆಯಾಗಿ ಚಿಮ್ಮುತ್ತದೆ. ಧಾರೆಯ ತುದಿಯ ವೇಗ ಸೆಕೆಂಡಿಗೆ 8-10 ಕಿಲೋಮೀಟರ್. ತಾಮ್ರ ಕರಗಿ, ಆ ಶಾಖಕ್ಕೆ ಉಕ್ಕು ಕರಗಿ ತೂತಾಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಹಸಿ ಮಣ್ಣಿನ ಗೋಡೆಗೆ ಪೈಪಿನ ನೀರು ಜೋರಾಗಿ ಬಿಟ್ಟರೆ ಮಣ್ಣು ಪಕ್ಕಕ್ಕೆ ಸರಿದು ತೂತಾಗುತ್ತದಲ್ಲ, ಆ ವೇಗದ ಒತ್ತಡದಲ್ಲಿ ಉಕ್ಕು ಕೂಡ ಹಾಗೇ ಪಕ್ಕಕ್ಕೆ ಸರಿಯುತ್ತದೆ. ಹೊರಗಿನ ತೂತು ನೋಡಿದರೆ ಬೆರಳು ಹೋಗುವಷ್ಟು ಚಿಕ್ಕದು. ಒಳಗೆ ಮಾತ್ರ ಆ ಧಾರೆ ಮತ್ತು ಕವಚದ ಒಳಮೈಯಿಂದ ಕಿತ್ತುಬಂದ ಉಕ್ಕಿನ ಚೂರುಗಳು ಮನುಷ್ಯರನ್ನೂ ಮದ್ದುಗುಂಡುಗಳನ್ನೂ ಹುಡುಕಿಕೊಂಡು ಹೋಗುತ್ತವೆ.

ಇದಕ್ಕೆ ಟ್ಯಾಂಕ್ ಮಾಡುವವರು ಕಂಡುಕೊಂಡ ಉತ್ತರಗಳಲ್ಲಿ ಒಂದು, ಕವಚದ ಮೇಲೆ ಇನ್ನೊಂದು ಪದರವಾಗಿ ಸ್ಫೋಟಕದ ಡಬ್ಬಿಗಳನ್ನು ಜೋಡಿಸುವುದು. ಧಾರೆ ಬಂದು ತಾಗಿದ ಕೂಡಲೇ ಡಬ್ಬಿ ಸಿಡಿದು, ಅದರ ತಗಡುಗಳು ಧಾರೆಯನ್ನು ಅಡ್ಡಡ್ಡ ಕತ್ತರಿಸುತ್ತವೆ. ಅದಕ್ಕೆ ಪ್ರತಿಯಾಗಿ ಕ್ಷಿಪಣಿ ಮಾಡುವವರು ಸಿಡಿತಲೆಯನ್ನು ಎರಡು ಮಾಡಿದರು: ಮುಂದಿನ ಚಿಕ್ಕದು ಡಬ್ಬಿಯನ್ನು ಸಿಡಿಸಿ ಖಾಲಿ ಮಾಡುತ್ತದೆ, ಹಿಂದಿನ ದೊಡ್ಡದು ಅಸಲಿ ಕೆಲಸ ಮಾಡುತ್ತದೆ. ಕಾರ್ನೆಟ್ ಮತ್ತು ಆರ್‌ಪಿಜಿ-29 ಇಂಥ ಜೋಡಿ ಸಿಡಿತಲೆಯವು. ಕಾರ್ನೆಟ್ ಒಂದು ಮೀಟರಿಗೂ ದಪ್ಪನೆಯ ಉಕ್ಕನ್ನು ಕೊರೆಯಬಲ್ಲದು. 5 ಕಿಲೋಮೀಟರ್ ದೂರದಿಂದ.

ಆದರೆ ಇಲ್ಲೊಂದು ಮುಖ್ಯ ವಿಷಯ ಇದೆ. ಕಾರ್ನೆಟ್ ಹಾರಿಸಿದವನು ಎದ್ದು ಓಡಿಹೋಗುವ ಹಾಗಿಲ್ಲ. ಲಾಂಚರಿನಿಂದ ಒಂದು ಸಣ್ಣ ಲೇಸರ್ ಕಿರಣ ಗುರಿಯ ಕಡೆ ಹೋಗುತ್ತಿರುತ್ತದೆ, ಕ್ಷಿಪಣಿ ತನ್ನ ಬಾಲದಲ್ಲಿರುವ ಸೆನ್ಸರಿನಿಂದ ಆ ಕಿರಣವನ್ನು ಹಿಡಿದುಕೊಂಡು ಅದರ ದಾರಿಯಲ್ಲೇ ಸಾಗುತ್ತದೆ. 3 ಕಿಲೋಮೀಟರ್ ಹೋಗಲು ಸುಮಾರು 10-12 ಸೆಕೆಂಡ್ ಬೇಕು. ಅಷ್ಟೂ ಹೊತ್ತು ಅವನು ಟ್ಯಾಂಕಿನ ಮೇಲೆ ಕಣ್ಣು ನೆಟ್ಟು ಗುರಿ ಹಿಡಿದೇ ಇರಬೇಕು. ನಡುವೆ ದಟ್ಟ ಹೊಗೆ ಬಂದರೆ ಕಷ್ಟ. ಅವನ ಸುತ್ತ ಮಾರ್ಟರ್ ಗುಂಡು ಬೀಳತೊಡಗಿದರೆ ಇನ್ನೂ ಕಷ್ಟ. ಟ್ಯಾಂಕ್ ಬಂಡೆಯ ಮರೆಗೆ ಸರಿದರೆ ಕ್ಷಿಪಣಿ ವ್ಯರ್ಥ. ಅಂದರೆ ಈ ಆಯುಧಕ್ಕೆ ಪ್ರತಿತಂತ್ರ ಇತ್ತು. ಅದಕ್ಕೆ ಬೇಕಾದದ್ದು ಎರಡೇ: ಕ್ಷಿಪಣಿ ಎಲ್ಲಿಂದ ಬರಬಹುದು ಎಂಬ ಅಂದಾಜು, ಮತ್ತು ಬಂದದ್ದನ್ನು ನೋಡುವ ಕಣ್ಣು.

ಟ್ಯಾಂಕಿಗೆ ಆ ಕಣ್ಣೇ ಇಲ್ಲ. ಮೇಲಿನ ಮುಚ್ಚಳ ಹಾಕಿಕೊಂಡು ಒಳಗೆ ಕೂತರೆ ಕಮಾಂಡರಿಗೆ ಕಾಣುವುದು ಪೆರಿಸ್ಕೋಪಿನ ಸಣ್ಣ ಸಣ್ಣ ಗಾಜುಗಳಲ್ಲಿ ತುಂಡು ತುಂಡಾದ ಜಗತ್ತು. ಗನ್ನರ್ ನೋಡುವ ದುರ್ಬೀನಿಗೆ ದೂರ ಚೆನ್ನಾಗಿ ಕಾಣುತ್ತದೆ, ಆದರೆ ಅಗಲ ಇಲ್ಲ. ಎಂಜಿನ್ ಸದ್ದಿನಲ್ಲಿ ಹೊರಗಿನದು ಏನೂ ಕೇಳಿಸುವುದಿಲ್ಲ. ಮುಚ್ಚಳ ತೆಗೆದು ತಲೆ ಹೊರಗೆ ಹಾಕಿದರೆ ಎಲ್ಲ ಕಾಣುತ್ತದೆ, ಜೊತೆಗೆ ಬಂದೂಕುಧಾರಿಗೆ ತಲೆಯೂ ಕಾಣುತ್ತದೆ. ಹಾಗಾಗಿ ಟ್ಯಾಂಕಿನ ಕಣ್ಣು ಯಾವತ್ತೂ ಹೊರಗಿನವರದ್ದೇ ಆಗಿರಬೇಕು. ಅಕ್ಕಪಕ್ಕದಲ್ಲಿ ನಡೆಯುವ ಕಾಲಾಳು, ಹಿಂದಿನಿಂದ ನಿಗಾ ಇಡುವ ಇನ್ನೊಂದು ಟ್ಯಾಂಕ್, ಮೇಲೆ ಹಾರುವ ಡ್ರೋನ್, ಮತ್ತು ಹೊರಡುವ ಮೊದಲು ಕೈಗೆ ಸಿಗುವ ಗುಪ್ತಚರ ನಕಾಶೆ.

ಇಸ್ರೇಲ್ ಈ ಪಾಠವನ್ನು ದೊಡ್ಡ ಬೆಲೆ ಕೊಟ್ಟು ಮೊದಲೇ ಕಲಿತಿತ್ತು. 1973ರ ಅಕ್ಟೋಬರ್ ಯುದ್ಧದಲ್ಲಿ ಸಿನಾಯ್ ಮರಳುಗಾಡಿನಲ್ಲಿ ಕಾಲಾಳುಗಳನ್ನು ಬಿಟ್ಟು ಬರೀ ಟ್ಯಾಂಕುಗಳನ್ನೇ ನುಗ್ಗಿಸಿ, ಈಜಿಪ್ಟಿನ ಸೈನಿಕರು ಪೆಟ್ಟಿಗೆಯಲ್ಲಿ ಹೊತ್ತು ತಂದಿದ್ದ ಸ್ಯಾಗರ್ ಕ್ಷಿಪಣಿಗಳಿಗೆ ಸಿಕ್ಕಿ ಒದ್ದಾಡಿತು. ಸ್ಯಾಗರ್ ನಿಧಾನದ ಕ್ಷಿಪಣಿ. ತಂತಿಯ ಮೂಲಕ, ಒಂದು ಸಣ್ಣ ಕೋಲು ಅಲ್ಲಾಡಿಸುತ್ತಾ ಅದನ್ನು ಗುರಿಯವರೆಗೂ ಒಯ್ಯಬೇಕು. ಕೆಲವೇ ದಿನದಲ್ಲಿ ಇಸ್ರೇಲಿಗಳು ದಾರಿ ಕಂಡುಕೊಂಡರು. ಕೆಲವರು ಬರೀ ಕ್ಷಿಪಣಿ ಹೊರಡುವ ಧೂಳನ್ನೇ ಕಾಯುವುದು, ಕಂಡ ಕೂಡಲೇ ರೇಡಿಯೋದಲ್ಲಿ ಕೂಗುವುದು, ಎಲ್ಲ ಟ್ಯಾಂಕೂ ಅಡ್ಡಾದಿಡ್ಡಿ ಓಡುವುದು, ಉಳಿದವರು ಆ ಧೂಳಿನ ಜಾಗಕ್ಕೆ ಗುಂಡು ಸುರಿಸುವುದು. ಮೆರ್ಕಾವಾ ಟ್ಯಾಂಕಿನ ಕೆಲಸ ಯುದ್ಧಕ್ಕೂ ಮೊದಲೇ, 1970ರಲ್ಲಿ ಶುರುವಾಗಿತ್ತು; ಸಿಬ್ಬಂದಿಯ ಜೀವ ಕಾಯುವುದೇ ಮೊದಲು ಎಂಬ ಅದರ ಹಟವನ್ನು ಆ ಯುದ್ಧದ ಸಾವುಗಳು ಇನ್ನಷ್ಟು ಗಟ್ಟಿ ಮಾಡಿದವು. ಜನರಲ್ ಇಸ್ರೇಲ್ ಟಾಲ್ ಅದರ ವಿನ್ಯಾಸದಲ್ಲಿ ಎಂಜಿನನ್ನು ಮುಂದಕ್ಕೆ ತಂದರು, ಅದೂ ಒಂದು ಗುರಾಣಿಯಾಗಲಿ ಅಂತ. ಸಿಬ್ಬಂದಿ ತಪ್ಪಿಸಿಕೊಳ್ಳಲು ಹಿಂದೆ ಬಾಗಿಲು ಇಟ್ಟರು.

ಹಾಗಾದರೆ 33 ವರ್ಷದಲ್ಲಿ ಆ ಪಾಠ ಎಲ್ಲಿ ಹೋಯಿತು?

ಇಲ್ಲಿಂದ ಗುಪ್ತಚರದ ಕಥೆ. 2000ದ ಮೇ ತಿಂಗಳಲ್ಲಿ ಇಸ್ರೇಲ್ ದಕ್ಷಿಣ ಲೆಬನಾನನ್ನು ಬಿಟ್ಟು ಹಿಂದೆ ಬಂತು. ಅದರ ಜೊತೆಗಿದ್ದ ಸ್ಥಳೀಯ ಪಡೆ, ದಕ್ಷಿಣ ಲೆಬನಾನ್ ಸೇನೆ, ಕೆಲವೇ ದಿನದಲ್ಲಿ ಕುಸಿಯಿತು. ಊರೂರಲ್ಲಿ ಇದ್ದ ಕಣ್ಣು ಕಿವಿಗಳು ಹೋದವು. ಮುಂದಿನ ಆರು ವರ್ಷ ಹಿಜ್ಬುಲ್ಲಾ ಗಡಿಯ ಉದ್ದಕ್ಕೂ, ಊರಿನ ಹೊರಗಿನ ಕುರುಚಲು ಕಾಡಿನಲ್ಲಿ, ನೆಲ ಅಗೆದು ಬಂಕರ್ ಕಟ್ಟಿತು. ಇಸ್ರೇಲ್ ಸೈನಿಕರು ಇವಕ್ಕೆ ಇಟ್ಟ ಹೆಸರು 'ನಿಸರ್ಗ ಸಂರಕ್ಷಿತ ಪ್ರದೇಶ'. ಹೊರಗಿನಿಂದ ನೋಡಿದರೆ ಬರೀ ಗಿಡ, ಬಂಡೆ. ಒಳಗೆ ಕಾಂಕ್ರೀಟ್, ಮಲಗುವ ಜಾಗ, ವಾರಗಟ್ಟಲೆ ಸಾಕಾಗುವಷ್ಟು ಊಟ ನೀರು, ರಾಕೆಟ್, ಕ್ಷಿಪಣಿ.

ಇಸ್ರೇಲಿನ ಗುಪ್ತಚರರು ದಡ್ಡರಾಗಿರಲಿಲ್ಲ. ಯುದ್ಧದ ಮೊದಲ ರಾತ್ರಿಯೇ ಅವರು ಕೊಟ್ಟ ಮಾಹಿತಿ ಹಿಡಿದು ವಾಯುಪಡೆ ಬರೀ 34 ನಿಮಿಷದಲ್ಲಿ ಹಿಜ್ಬುಲ್ಲಾದ ದೂರಗಾಮಿ ಫಜ್ರ್ ರಾಕೆಟ್‌ಗಳ ಲಾಂಚರುಗಳಲ್ಲಿ ಬಹುಪಾಲನ್ನು ನಾಶ ಮಾಡಿತು. ವರ್ಷಗಟ್ಟಲೆ ಕೂತು ಮನೆ ಮನೆ ಗುರುತು ಹಾಕಿಕೊಂಡು ಮಾಡಿದ ಕೆಲಸ ಅದು. ಅಂದರೆ ದೊಡ್ಡ ಪ್ರಶ್ನೆಗಳಿಗೆ ಅವರ ಬಳಿ ಉತ್ತರ ಇತ್ತು. ಈ ತಿರುವಿನಲ್ಲಿ ಯಾವ ಗುಡ್ಡದಿಂದ ಟ್ಯಾಂಕಿಗೆ ಹೊಡೆಯಬಹುದು ಎಂಬ ಸಣ್ಣ ಪ್ರಶ್ನೆಗೆ ಉತ್ತರ ಹುಡುಕುವುದು ಯಾರಿಗೂ ತುರ್ತಾಗಿ ಕಾಣಲಿಲ್ಲ. ಮತ್ತು, ಇದೇ ನನಗೆ ಜಾಸ್ತಿ ನೋವು ಕೊಡುವ ಸಂಗತಿ, ಬಂಕರುಗಳ ಬಗ್ಗೆ ಇದ್ದ ಮಾಹಿತಿಯೂ ಅತಿ ಗೌಪ್ಯ ಎಂಬ ಮುದ್ರೆ ಹೊತ್ತು ಮೇಲೇ ಉಳಿಯಿತು. ಗಡಿ ದಾಟಿ ನಡೆಯಬೇಕಾದ ತುಕಡಿಗಳಿಗೆ ಬರಲಿಲ್ಲ. ಮಾರೂನ್ ಅಲ್-ರಾಸ್ ಎಂಬ ಗಡಿಯ ಊರಿನ ಬಳಿ ಮೊದಲು ಒಳಹೊಕ್ಕ ಮಗ್ಲಾನ್ ಕಮಾಂಡೋಗಳು ಎದುರಿಗೆ ಇಷ್ಟು ದೊಡ್ಡ ನೆಲಮಾಳಿಗೆಯ ಜಾಲ ಇದೆ ಎಂಬುದನ್ನು ಕಂಡುಕೊಂಡದ್ದು ಅದರ ಮೇಲೆ ಕಾಲಿಟ್ಟ ಮೇಲೆ. ಶತ್ರುವಿಗೆ ತಿಳಿಯಬಾರದು ಅಂತ ಮುಚ್ಚಿಟ್ಟ ಮಾಹಿತಿ ತಮ್ಮ ಸೈನಿಕರಿಗೇ ತಿಳಿಯಲಿಲ್ಲ. ಶತ್ರುವಿಗೆ ತನ್ನ ಬಂಕರ್ ಎಲ್ಲಿದೆ ಅಂತ ಗೊತ್ತೇ ಇತ್ತಲ್ವಾ?

ಸಮುದ್ರದಲ್ಲೂ ಇದೇ ಆಯಿತು. ಜುಲೈ 14ರಂದು ಬೈರೂತ್ ಕರಾವಳಿಯಲ್ಲಿದ್ದ ಇಸ್ರೇಲಿ ಯುದ್ಧನೌಕೆ ಹನಿತ್‌ಗೆ ಸಿ-802 ಕ್ಷಿಪಣಿ ಬಡಿದು 4 ನಾವಿಕರು ಸತ್ತರು. ಹಿಜ್ಬುಲ್ಲಾ ಬಳಿ ಅಂಥ ಕ್ಷಿಪಣಿ ಇರಬಹುದು ಎಂದು ನೌಕೆಯಲ್ಲಿದ್ದವರು ಎಣಿಸಿರಲಿಲ್ಲ. ಕ್ಷಿಪಣಿ ತಡೆಯುವ ವ್ಯವಸ್ಥೆ ನೌಕೆಯಲ್ಲಿತ್ತು, ಚಾಲೂ ಇರಲಿಲ್ಲ.

ಇನ್ನು ಕಾರ್ನೆಟ್ ವಿಷಯ. ರಷ್ಯಾ ಅದನ್ನು ಸಿರಿಯಾಕ್ಕೆ ಮಾರಿತ್ತು, ಸಿರಿಯಾದಿಂದ ಅದು ಹಿಜ್ಬುಲ್ಲಾ ಕೈಗೆ ಬಂತು. ಘಂದೂರಿಯೆಯಲ್ಲಿ ಇಸ್ರೇಲ್ ಸೈನಿಕರಿಗೆ ಸಿಕ್ಕ ಪೆಟ್ಟಿಗೆಗಳ ಮೇಲೆ ಸಿರಿಯಾದ ರಕ್ಷಣಾ ಸಚಿವಾಲಯದ ಹೆಸರೂ ರಷ್ಯಾದ ತೂಲಾದಲ್ಲಿರುವ ಕಾರ್ಖಾನೆಯ ಹೆಸರೂ ಅಚ್ಚಾಗಿದ್ದವು. ಅದನ್ನು ಓದಿದ್ದು ಕ್ಷಿಪಣಿ ಹಾರಿದ ಮೇಲೆ.

ಮಾಹಿತಿ ತಲುಪದಿದ್ದರೂ ತರಬೇತಿ ಚೆನ್ನಾಗಿದ್ದರೆ ಸ್ವಲ್ಪ ಬಚಾವಾಗಬಹುದಿತ್ತು. ಅಲ್ಲೂ ಪೆಟ್ಟು ಬಿದ್ದಿತ್ತು. 2000ದಲ್ಲಿ ಎರಡನೇ ಇಂತಿಫಾದಾ, ಅಂದರೆ ಪ್ಯಾಲೆಸ್ತೀನಿಯರ ದಂಗೆ, ಶುರುವಾದ ಮೇಲೆ ಟ್ಯಾಂಕ್ ಸೈನಿಕರು ಪಶ್ಚಿಮ ದಂಡೆಯ ಚೆಕ್‌ಪೋಸ್ಟುಗಳಲ್ಲಿ ಗುರುತಿನ ಚೀಟಿ ನೋಡುತ್ತಾ, ಗಸ್ತು ತಿರುಗುತ್ತಾ ವರ್ಷ ಕಳೆದರು. ದೊಡ್ಡ ಟ್ಯಾಂಕ್ ಯುದ್ಧ ಇನ್ನು ಬರುವುದಿಲ್ಲ, ವಾಯುಪಡೆಯೇ ಸಾಕು ಎಂಬ ನಂಬಿಕೆ ಮೇಲಿನಿಂದ ಇಳಿದು ಬಂತು, ಬಜೆಟ್ ಕಡಿತವಾಯಿತು, ಮೀಸಲು ಪಡೆಯ ಟ್ಯಾಂಕ್ ಸಿಬ್ಬಂದಿ ವರ್ಷಾನುಗಟ್ಟಲೆ ಟ್ಯಾಂಕ್ ಹತ್ತಲೇ ಇಲ್ಲ, ಟ್ಯಾಂಕ್ ಮತ್ತು ಕಾಲಾಳು ಒಟ್ಟಿಗೆ ಹೆಜ್ಜೆ ಹಾಕುವ ಅಭ್ಯಾಸವಂತೂ ಹೆಚ್ಚುಕಡಿಮೆ ನಿಂತೇ ಹೋಯಿತು. ಆಗಿನ ಸೇನಾ ಮುಖ್ಯಸ್ಥ ಡಾನ್ ಹಲುತ್ಸ್ ಸ್ವತಃ ವಾಯುಪಡೆಯಿಂದ ಬಂದವರು. ವಿಮಾನದಿಂದಲೇ ಯುದ್ಧ ಮುಗಿಸಬಹುದು ಎಂದು ಹೊರಟ 34 ದಿನಗಳಲ್ಲಿ ಉತ್ತರ ಇಸ್ರೇಲಿನ ಮೇಲೆ ಸುಮಾರು 4,000 ರಾಕೆಟ್ ಬಿದ್ದವು, ಕೊನೆಯ ದಿನದವರೆಗೂ.

ಮೊದಲ ದಿನದ ಘಟನೆಯಲ್ಲೇ ಎಚ್ಚರಿಕೆ ಇತ್ತು. ಜುಲೈ 12ರಂದು ಹಿಜ್ಬುಲ್ಲಾ ಗಡಿ ದಾಟಿ ಬಂದು ಇಬ್ಬರು ಸೈನಿಕರನ್ನು ಹೊತ್ತೊಯ್ದಾಗ, ಅವರ ಬೆನ್ನು ಹತ್ತಿ ಒಂದು ಮೆರ್ಕಾವಾ ಗಡಿಯಾಚೆ ನುಗ್ಗಿತು. ಹೀಗೆ ಬೆನ್ನು ಹತ್ತಿ ಬಂದೇ ಬರುತ್ತಾರೆ, ಇದೇ ದಾರಿಯಲ್ಲೇ ಬರುತ್ತಾರೆ ಅಂತ ಎದುರಾಳಿಗೆ ಗೊತ್ತಿತ್ತು. ನೆಲದಲ್ಲಿ ಹೂತಿಟ್ಟಿದ್ದ ನೂರಾರು ಕಿಲೋ ಸ್ಫೋಟಕ ಸಿಡಿದು ಒಳಗಿದ್ದ ನಾಲ್ವರೂ ಸತ್ತರು. ಯಾವ ಕವಚವೂ ಅಡಿಯಿಂದ ಬರುವ ಅಂಥ ಸ್ಫೋಟವನ್ನು ತಡೆಯುವುದಿಲ್ಲ.

ಈಗ ಸಲೂಕಿಗೆ ವಾಪಸ್ ಬರೋಣ. ಯೋಜನೆ ಕಾಗದದ ಮೇಲೆ ಸರಿಯಾಗಿಯೇ ಇತ್ತು. ನಹಾಲ್ ಬ್ರಿಗೇಡಿನ ಕಾಲಾಳುಗಳು ಮೊದಲು ಘಂದೂರಿಯೆ ಮತ್ತು ಫರೂನ್ ಊರುಗಳ ಎತ್ತರದ ಜಾಗ ಹಿಡಿಯಬೇಕು, ಆಮೇಲೆ ಕೆಳಗಿನ ಕಣಿವೆಯಲ್ಲಿ ಟ್ಯಾಂಕುಗಳು ದಾಟಬೇಕು. ಮೇಲೆ ಎಲ್ಲ ಸರಿಯಿದೆ ಎಂಬ ಸಂದೇಶ ಬಂತು, ಟ್ಯಾಂಕುಗಳು ಹೊರಟವು. ಆದರೆ ಊರು ಹಿಡಿಯುವುದು ಬೇರೆ, ಕಣಿವೆ ಕಾಣುವ ಎಲ್ಲ ಇಳಿಜಾರನ್ನೂ ಹಿಡಿಯುವುದು ಬೇರೆ. ಐದು ಕಿಲೋಮೀಟರ್ ದೂರದಿಂದ ಹೊಡೆಯುವ ಆಯುಧ ಇರುವಾಗ 'ಸರಿಯಿದೆ' ಎಂಬ ಮಾತಿಗೆ ಎಷ್ಟು ಸುತ್ತಳತೆ ಇರಬೇಕು? ಕಾಲಾಳುಗಳ ಲೆಕ್ಕದಲ್ಲಿ ಸುರಕ್ಷಿತವಾಗಿದ್ದ ಜಾಗ ಟ್ಯಾಂಕಿನ ಲೆಕ್ಕದಲ್ಲಿ ಸುರಕ್ಷಿತವಾಗಿರಲಿಲ್ಲ.

ಕಣಿವೆಗೆ ಇಳಿದ ದಾರಿ ಇಕ್ಕಟ್ಟಿನದು. ಟ್ಯಾಂಕುಗಳು ಒಂದರ ಹಿಂದೆ ಒಂದು ಸಾಲಾಗಿ ಹೋಗಬೇಕು. ಮುಂದಿನದಕ್ಕೆ ಪೆಟ್ಟು ಬಿದ್ದರೆ ಹಿಂದಿನದು ಪಕ್ಕಕ್ಕೆ ಸರಿಯುವ ಹಾಗಿಲ್ಲ. ಕ್ಷಿಪಣಿಗಳು ಬರತೊಡಗಿದಾಗ ಎಲ್ಲಿಂದ ಬರುತ್ತಿವೆ ಎಂಬುದೇ ಗೊತ್ತಾಗದೆ ಸಾಲು ಅಲ್ಲೇ ಸಿಕ್ಕಿಹಾಕಿಕೊಂಡಿತು. ಟ್ಯಾಂಕಿನಲ್ಲೇ ಹೊಗೆ ಹಾರಿಸುವ ಸಾಧನ ಇತ್ತು, ಗುಂಡಿ ಒತ್ತಿದರೆ ಕ್ಷಣದಲ್ಲಿ ಹೊಗೆಯ ಪರದೆ ಏಳುತ್ತಿತ್ತು. ಬಹುಪಾಲು ಸಿಬ್ಬಂದಿ ಅದನ್ನು ಬಳಸಲಿಲ್ಲ. ಮೇಲೆ ಹೇಳಿದ ಆ ಹತ್ತು ಹನ್ನೆರಡು ಸೆಕೆಂಡ್ ನೆನಪಿಸಿಕೊಳ್ಳಿ: ಗುರಿ ಹಿಡಿದವನ ಕಣ್ಣಿಗೆ ಪರದೆ ಹಾಕಲು ಇದ್ದ ಸುಲಭದ ದಾರಿ ಅದೊಂದೇ. ಚೆಕ್‌ಪೋಸ್ಟಿನಲ್ಲಿ ವರ್ಷ ಕಳೆದ ಹುಡುಗರ ಕೈ ಆ ಗುಂಡಿಗೆ ತಾನಾಗಿ ಹೋಗಲಿಲ್ಲ. ಅದಕ್ಕೆ ನಾನು ಅವರನ್ನು ದೂರುವುದಿಲ್ಲ. ಕೈಗೆ ಆ ಅಭ್ಯಾಸ ಮಾಡಿಸಬೇಕಾದವರು ಮಾಡಿಸಿರಲಿಲ್ಲ.

ಹಿಜ್ಬುಲ್ಲಾದ ಕಡೆ ನೋಡಿದರೆ ಎಲ್ಲ ಉಲ್ಟಾ. ಅವರ ತಂಡಗಳು ಚಿಕ್ಕವು. ತಾವು ಹುಟ್ಟಿ ಬೆಳೆದ ಊರಿನ ಸುತ್ತಲೇ ಕೂತವರು, ಯಾವ ತಿರುವಿನಲ್ಲಿ ಟ್ಯಾಂಕಿನ ಪಕ್ಕೆ ಕಾಣುತ್ತದೆ, ಯಾವ ಬಂಡೆಯ ಹಿಂದಿನಿಂದ ಹಿಂದಿನ ಬಾಗಿಲು ಕಾಣುತ್ತದೆ ಅಂತ ಗೊತ್ತಿದ್ದವರು. ಮೇಲಿನ ಆದೇಶಕ್ಕೆ ಕಾಯಬೇಕಿರಲಿಲ್ಲ. ಸಲೂಕಿ ಕಣಿವೆ ಪೂರ್ವದಿಂದ ಪಶ್ಚಿಮಕ್ಕೆ, ಲಿಟಾನಿ ನದಿಯ ಕಡೆ ಹೋಗುವವರು ದಾಟಲೇಬೇಕಾದ ಜಾಗ. ನಕಾಶೆ ನೋಡಿದ ಯಾರಿಗಾದರೂ ಅದು ಹೊಳೆಯುತ್ತದೆ. ಅಂಥ ಜಾಗದಲ್ಲಿ ಎದುರಾಳಿ ಕಾದಿರುತ್ತಾನೆ ಎಂದು ಊಹಿಸಲು ಗೂಢಚಾರರೇ ಬೇಕಾಗಿರಲಿಲ್ಲ.

ಒಟ್ಟು ಯುದ್ಧದ ಲೆಕ್ಕ ನೋಡಿದರೆ ಇನ್ನೊಂದು ಸತ್ಯ ಕಾಣುತ್ತದೆ. ಇಸ್ರೇಲ್ ಸುಮಾರು 400 ಟ್ಯಾಂಕುಗಳನ್ನು ಇಳಿಸಿತ್ತು. ಕ್ಷಿಪಣಿ ತಾಗಿದವು ನಲವತ್ತರ ಆಸುಪಾಸು. ಕವಚ ಸೀಳಿದ್ದು ಅವುಗಳಲ್ಲಿ ಸುಮಾರು ಅರ್ಧಕ್ಕೆ ಮಾತ್ರ. ಪೂರ್ತಿ ಹಾಳಾಗಿ ಹೋದವು ಬೆರಳೆಣಿಕೆಯಷ್ಟು. ಅಂದರೆ ಮೆರ್ಕಾವಾ ತನ್ನ ಕೆಲಸ ಬಹಳಷ್ಟು ಮಟ್ಟಿಗೆ ಮಾಡಿತ್ತು. ಇದೇ ಕ್ಷಿಪಣಿಗಳು ಟ್ಯಾಂಕ್ ಇಲ್ಲದ ಸೈನಿಕರನ್ನೂ ಕೊಂದವು. ಆಗಸ್ಟ್ 9ರಂದು ದೆಬೆಲ್ ಎಂಬ ಊರಿನಲ್ಲಿ ಒಂದು ಮನೆಯೊಳಗೆ ತಂಗಿದ್ದ ಮೀಸಲು ಸೈನಿಕರ ಮೇಲೆ ಟ್ಯಾಂಕ್ ನಿರೋಧಕ ಕ್ಷಿಪಣಿ ಬಿದ್ದು 9 ಮಂದಿ ಸತ್ತರು. ಕದನವಿರಾಮ ಬೇಕು ಎಂದು ಆಗಸ್ಟ್ 10ರಂದು ಬಹಿರಂಗವಾಗಿ ಕೇಳಿಕೊಂಡಿದ್ದ ಇಸ್ರೇಲಿ ಲೇಖಕರೊಬ್ಬರ ಮಗ, 20 ವರ್ಷದ ಟ್ಯಾಂಕ್ ಸೈನಿಕ, ಎರಡೇ ದಿನದ ನಂತರ ದಕ್ಷಿಣ ಲೆಬನಾನಿನಲ್ಲಿ ಕ್ಷಿಪಣಿಗೆ ಬಲಿಯಾದ. ಲೆಬನಾನಿನ ಕಡೆ ಈ ಯುದ್ಧದಲ್ಲಿ ಸತ್ತವರು 1,100ಕ್ಕೂ ಹೆಚ್ಚು, ಅವರಲ್ಲಿ ಬಹುಪಾಲು ಸಾಮಾನ್ಯ ಜನ. ಮನೆ ಬಿಟ್ಟು ಓಡಿದವರು ಹತ್ತು ಲಕ್ಷದ ಹತ್ತಿರ. ಆ ದಿನಗಳಲ್ಲೇ ನಮ್ಮ ನೌಕಾಪಡೆ 'ಆಪರೇಷನ್ ಸುಕೂನ್' ನಡೆಸಿ ಬೈರೂತಿನಿಂದ ಎರಡು ಸಾವಿರಕ್ಕೂ ಹೆಚ್ಚು ಭಾರತೀಯರನ್ನೂ ನೆರೆದೇಶದವರನ್ನೂ ಹೊರತಂದಿತು.

ಇದು ಇಸ್ರೇಲಿಗೆ ಮಾತ್ರ ಆದದ್ದಲ್ಲ. 1994ರ ಡಿಸೆಂಬರ್ 31ರಂದು ರಷ್ಯಾ ಸೇನೆ, ರಷ್ಯಾದಿಂದ ಬೇರೆಯಾಗಲು ಹೊರಟಿದ್ದ ಚೆಚೆನ್ಯಾದ ಗ್ರೋಜ್ನಿ ನಗರಕ್ಕೆ ಟ್ಯಾಂಕ್ ಸಾಲು ನುಗ್ಗಿಸಿತು. ಒಂದು ಪ್ಯಾರಾ ರೆಜಿಮೆಂಟ್ ಇದ್ದರೆ ಎರಡು ಗಂಟೆಯಲ್ಲಿ ಗ್ರೋಜ್ನಿ ಹಿಡಿಯಬಹುದು ಎಂದು ರಕ್ಷಣಾ ಸಚಿವ ಪಾವೆಲ್ ಗ್ರಾಚೆವ್ ಹೇಳಿಕೊಂಡಿದ್ದರು. 131ನೇ ಮೈಕೋಪ್ ಬ್ರಿಗೇಡ್ ರೈಲು ನಿಲ್ದಾಣದವರೆಗೂ ಸುಲಭವಾಗಿ ಬಂತು, ಆಮೇಲೆ ಚೆಚೆನ್ನರು ಅದನ್ನು ಸುತ್ತುವರಿದರು. ಅದರ 26 ಟ್ಯಾಂಕುಗಳಲ್ಲಿ 20 ಹೋದವು, 120 ಕಾಲಾಳು ವಾಹನಗಳಲ್ಲಿ 102 ಹೋದವು ಎಂಬುದು ಎಲ್ಲೆಡೆ ಕಾಣುವ ಲೆಕ್ಕ. ಕಮಾಂಡರ್ ಕರ್ನಲ್ ಸಾವಿನ್ ಕೂಡ ಸತ್ತರು. ಚೆಚೆನ್ನರು ಸಣ್ಣ ಗುಂಪುಗಳಾಗಿ ನೆಲಮಾಳಿಗೆಯಿಂದಲೂ ಮೇಲಿನ ಮಹಡಿಗಳಿಂದಲೂ ಹೊಡೆದರು. ರಷ್ಯಾದ ಟ್ಯಾಂಕ್ ತೋಪು ಸುಮಾರು 14 ಡಿಗ್ರಿಗಿಂತ ಮೇಲೆ ಏಳುವುದಿಲ್ಲ, ನೆಲಮಾಳಿಗೆಯವರೆಗೆ ಬಗ್ಗುವುದೂ ಇಲ್ಲ, ಇದು ಸೋವಿಯತ್ ಸೇನೆಯಲ್ಲೇ ಕೆಲಸ ಮಾಡಿ ಬಂದ ಆ ಚೆಚೆನ್ ಹೋರಾಟಗಾರರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಸೇನೆಯನ್ನು ನಡೆಸುತ್ತಿದ್ದ ಅಸ್ಲಾನ್ ಮಸ್ಖಾದೋವ್ ಸೋವಿಯತ್ ಫಿರಂಗಿ ದಳದ ಕರ್ನಲ್ ಆಗಿದ್ದವರು. ಇದಕ್ಕಿಂತ ಬೇಜಾರಿನ ವಿಷಯ ಇನ್ನೊಂದಿದೆ. ಅದೇ ನವೆಂಬರ್ 26ರಂದು ರಷ್ಯಾ ಬೆಂಬಲದ ವಿರೋಧಿ ಬಣ ಇದೇ ಗ್ರೋಜ್ನಿಗೆ ಟ್ಯಾಂಕ್ ನುಗ್ಗಿಸಿ ಇದೇ ರೀತಿ ಸುಟ್ಟುಹೋಗಿತ್ತು. ಬರೀ ಐದು ವಾರದ ಹಿಂದೆ! ಅದನ್ನು ಯಾರೂ ಪಾಠ ಅಂತ ತೆಗೆದುಕೊಳ್ಳಲಿಲ್ಲ.

ಇದಕ್ಕೆ ಪೂರ್ತಿ ವಿರುದ್ಧವಾದ ಉದಾಹರಣೆ ನಮ್ಮಲ್ಲೇ ಇದೆ. 1948ರ ನವೆಂಬರ್ 1, ಕಾಶ್ಮೀರದ ಜೋಜಿಲಾ ಕಣಿವೆ ದಾರಿ. ಎತ್ತರ ಸುಮಾರು 3,500 ಮೀಟರ್. ಮೇಲಿನ ಬಂಡೆಗಳಲ್ಲಿ ಕೂತಿದ್ದ ದಾಳಿಕೋರರ ಮುಂದೆ ಅದಕ್ಕೂ ಮೊದಲು ಬರೀ ಕಾಲಾಳುಗಳಿಂದ ಮಾಡಿದ ದಾಳಿ ಸೋತಿತ್ತು. ಮಡಿಕೇರಿಯ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಅಲ್ಲಿಗೆ ತರಿಸಿದರು. ಟ್ಯಾಂಕಿನ ಮೇಲಿನ ತೋಪಿನ ಗೋಪುರ ಬಿಚ್ಚಿ, ಬೇರೆ ವಾಹನದಂತೆ ಕಾಣುವ ಹಾಗೆ ಮುಚ್ಚಿ, ಶ್ರೀನಗರದಲ್ಲಿ ಯಾರ ಕಣ್ಣಿಗೂ ಬೀಳದ ಹಾಗೆ ಕರ್ಫ್ಯೂ ಹಾಕಿ ಸಾಗಿಸಿದರು. ಬಾಲ್ತಾಲ್‌ನಿಂದ ಮೇಲಕ್ಕೆ ಟ್ಯಾಂಕ್ ಹೋಗುವ ದಾರಿ ಕಡಿದವರು ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್, ಬೆಂಗಳೂರಿನ ಎಂಇಜಿಯವರು. ತಿಮ್ಮಯ್ಯ ಸ್ವತಃ ಮುಂದಿನ ಟ್ಯಾಂಕೊಂದರಲ್ಲಿ ಕೂತು ಹೋದರು. ಅಷ್ಟು ಎತ್ತರದಲ್ಲಿ ಟ್ಯಾಂಕ್ ಬರಬಹುದು ಎಂದು ಎದುರಿನವರು ಯೋಚಿಸಿಯೂ ಇರಲಿಲ್ಲ, ಅದನ್ನು ತಡೆಯುವ ಆಯುಧವೂ ಅವರ ಬಳಿ ಸಿದ್ಧ ಇರಲಿಲ್ಲ. ಸ್ಟುವರ್ಟ್ ಹಗುರ ಟ್ಯಾಂಕ್. ಮೆರ್ಕಾವಾ ಮುಂದೆ ಅದರ ಕವಚ ಲೆಕ್ಕಕ್ಕೇ ಇಲ್ಲ. ಆದರೂ ಜೋಜಿಲಾ ಆ ದಿನವೇ ಕೈಗೆ ಬಂತು. ಇಲ್ಲಿ ಕಣ್ಣು ಮುಚ್ಚಿದ್ದು ಎದುರಾಳಿಯದು.

ಲೆಬನಾನ್ ಯುದ್ಧ ಮುಗಿದ ಮೇಲೆ ಇಸ್ರೇಲ್ ನಿವೃತ್ತ ನ್ಯಾಯಾಧೀಶ ಎಲಿಯಾಹು ವಿನೋಗ್ರಾಡ್ ಅವರ ಆಯೋಗ ನೇಮಿಸಿತು. ಅದರ ಮಧ್ಯಂತರ ವರದಿ 2007ರ ಏಪ್ರಿಲ್ 30ಕ್ಕೆ ಬಂತು, ಅಂತಿಮ ವರದಿ 2008ರ ಜನವರಿ 30ಕ್ಕೆ. ಸರ್ಕಾರವನ್ನೂ ಸೇನೆಯನ್ನೂ ಅದು ಬಿಡಲಿಲ್ಲ. ಹಲುತ್ಸ್ ಅದಕ್ಕೂ ಮೊದಲೇ, 2007ರ ಜನವರಿಯಲ್ಲಿ ರಾಜೀನಾಮೆ ಕೊಟ್ಟಿದ್ದರು. ಟ್ಯಾಂಕ್ ಮತ್ತು ಕಾಲಾಳು ಒಟ್ಟಿಗೆ ಮಾಡುವ ಅಭ್ಯಾಸಗಳು ಮತ್ತೆ ಶುರುವಾದವು.

ಟ್ಯಾಂಕಿಗೂ ಹೊಸ ಕಣ್ಣು ಬಂತು. ರಾಫೆಲ್ ಕಂಪನಿಯ 'ಟ್ರೋಫಿ' ಎಂಬ ವ್ಯವಸ್ಥೆಯಲ್ಲಿ ಗೋಪುರದ ಸುತ್ತ ನಾಲ್ಕು ಚಪ್ಪಟೆ ರಡಾರ್ ಇರುತ್ತವೆ. ಬರುತ್ತಿರುವ ಕ್ಷಿಪಣಿಯನ್ನು ಅವು ಗುರುತಿಸಿದ ಕೂಡಲೇ, ಅದು ತಾಗುವ ಮೊದಲೇ, ಪಕ್ಕದ ಸಾಧನ ಅದರ ಮೇಲೆ ಲೋಹದ ಗುಂಡುಗಳನ್ನು ಎರಚಿ ಕೆಡವುತ್ತದೆ. ಜೊತೆಗೆ ಕ್ಷಿಪಣಿ ಎಲ್ಲಿಂದ ಬಂತು ಅಂತ ಸಿಬ್ಬಂದಿಗೆ ತೋರಿಸುತ್ತದೆ. ನನ್ನ ಲೆಕ್ಕದಲ್ಲಿ ಈ ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದು, ಸಲೂಕಿಯಲ್ಲಿ ಇಲ್ಲದೆ ಹೋದದ್ದು ಅದೇ. 2006ಕ್ಕೂ ಮೊದಲೇ ಈ ವ್ಯವಸ್ಥೆಯನ್ನು ರಾಫೆಲ್ ಸಿದ್ಧಪಡಿಸಿ ತೋರಿಸಿತ್ತು. ಅದಕ್ಕೆ ದುಡ್ಡು ಹಾಕಲು ಸೇನೆ ಮನಸ್ಸು ಮಾಡಿರಲಿಲ್ಲ. 2011ರ ಮಾರ್ಚ್ 1ರಂದು ಗಾಜಾ ಗಡಿಯಲ್ಲಿ ಟ್ರೋಫಿ ಮೊದಲ ಬಾರಿ ನಿಜವಾದ ದಾಳಿಯಲ್ಲಿ ಒಂದು ಟ್ಯಾಂಕನ್ನು ಉಳಿಸಿತು. 2014ರ ಗಾಜಾ ಯುದ್ಧದಲ್ಲೂ ಚೆನ್ನಾಗಿ ಕೆಲಸ ಮಾಡಿತು.

ಆದರೆ ಅದೇ 2014ರ ಜುಲೈ 20ರಂದು ಶುಜಾಯಿಯಾದಲ್ಲಿ 7 ಸೈನಿಕರು ಒಂದು ಹಳೆಯ ಎಂ-113 ವಾಹನದಲ್ಲಿ ಸತ್ತರು. ವಿನ್ಯಾಸ 1960ರ ಸುಮಾರಿನದು, ಅಲ್ಯೂಮಿನಿಯಂ ಮೈ, ಟ್ರೋಫಿ ಇಲ್ಲ. ಆರ್‌ಪಿಜಿ ತಾಗಿದರೆ ಅದು ಉಳಿಯುವುದಿಲ್ಲ ಎಂಬುದು ಸೇನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಮೆರ್ಕಾವಾ ಮೈಯ ಮೇಲೇ ಕಟ್ಟಿದ ನಮೆರ್ ಎಂಬ ಭಾರಿ ವಾಹನ ಆಗಲೇ ಇತ್ತು, ಸಂಖ್ಯೆ ಮಾತ್ರ ಸಾಲದಿತ್ತು.

2023ರ ಅಕ್ಟೋಬರ್ 7ರಂದು ಹಮಾಸ್ ಗಾಜಾ ಗಡಿಯ ಬೇಲಿ ಹತ್ತಿರ ನಿಂತಿದ್ದ ಮೆರ್ಕಾವಾ ಮೇಲೆ ಅಂಗಡಿಯಲ್ಲಿ ಸಿಗುವಂಥ ಡ್ರೋನಿನಿಂದ ಬಾಂಬ್ ಬೀಳಿಸಿತು. ಟ್ರೋಫಿಯ ರಡಾರ್ ನೋಡುತ್ತಿದ್ದದ್ದು ಸುತ್ತಲೂ, ನೆತ್ತಿಯ ಮೇಲಲ್ಲ. ಉಕ್ರೇನಿನಲ್ಲಿ ಇಂಥ ಡ್ರೋನ್‌ಗಳು ಟ್ಯಾಂಕಿನ ತೆರೆದ ಮುಚ್ಚಳದೊಳಕ್ಕೆ ಬಾಂಬ್ ಬೀಳಿಸುವ ವಿಡಿಯೋಗಳನ್ನು ಅದಕ್ಕೂ ಒಂದೂವರೆ ವರ್ಷದಿಂದ ಇಡೀ ಜಗತ್ತು ಮೊಬೈಲಿನಲ್ಲಿ ನೋಡುತ್ತಲೇ ಇತ್ತು. ಗೋಪುರದ ಮೇಲೆ ಕಬ್ಬಿಣದ ಜಾಲರಿ ಚಾವಣಿ ಹಾಕಿಕೊಂಡ ಮೆರ್ಕಾವಾಗಳು ಸಾಲು ಸಾಲಾಗಿ ಗಾಜಾ ಗಡಿಯಲ್ಲಿ ಕಾಣಿಸಿಕೊಂಡದ್ದು ಆ ದಾಳಿ ಆದ ಮೇಲೆ.